ರಾಗಿಮುದ್ದೆ ತಿಂದ ಕೊರಮೀನು

ಬೇಯಿಸಿದ ಕಡಲೆಕಾಯಿಗೂ ಸುಳ್ಳಿಗೂ ಏನೋ ಒಂದು ನಂಟಿದೆ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಹೊಲದಿಂದ ಹಸಿಕಾಯಿ ಬರುವ ಕಾಲದಲ್ಲಿ ನಮ್ಮ ಮಧುಗಿರಿಯ ಮನೆಯ ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿ, ಉಪ್ಪು ಹಾಕಿ ಬೇಯಿಸಿದ ಕಾಯನ್ನು ಹಬೆಯಾಡುತ್ತಿರುವಾಗಲೇ ಸುರಿದರೆ, ಸುತ್ತ ಕೂತವರ ಕೈ ಸುಮ್ಮನಿರುವುದಿಲ್ಲ. ಕೈ ಸುಮ್ಮನಿರದಿದ್ದರೆ ಬಾಯಿಯೂ ಸುಮ್ಮನಿರುವುದಿಲ್ಲ. ಸಿಪ್ಪೆಯ ರಾಶಿಯೊಂದಿಗೆ ಮಾತಿನ ರಾಶಿಯೂ ಬೆಳೆಯುತ್ತದೆ. ಆಮೇಲೆ ಗುಡಿಸಿದರೆ ಸಿಪ್ಪೆ ಹೋಗುತ್ತದೆ, ಮಾತು ಉಳಿಯುತ್ತದೆ. ನಾನು ಸಿಕ್ಕಿಬಿದ್ದದ್ದು ಹಾಗೆ ಉಳಿದ ಮಾತಿನಿಂದ.

ಮಿತ್ರರೇ, ನನ್ನ ಹೆಸರು ರುದ್ರಪ್ಪ. ಓದಿದ್ದು ಎಸ್ಸೆಸ್ಸೆಲ್ಸಿ. ಪಾವಗಡದಿಂದ ಮಧುಗಿರಿ, ಕೊರಟಗೆರೆ ಹಾದು ತುಮಕೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಮೂವತ್ತೈದು ವರ್ಷ ಕಂಡಕ್ಟರಾಗಿದ್ದೆ. ಆ ಕೆಲಸದಲ್ಲಿ ಸುಳ್ಳು ಎನ್ನುವುದು ಸೀಟಿಯಷ್ಟೇ ಅಗತ್ಯವಾದ ಸಲಕರಣೆ. ಉಸಿರಾಡಲು ಜಾಗವಿಲ್ಲದ ಬಸ್ಸಿನ ಬಾಗಿಲಲ್ಲಿ ನೇತಾಡುತ್ತ ‘ಹಿಂದೆ ಖಾಲಿ ಇದೆ, ಬನ್ನಿ’ ಎಂದು ಕನ್ನಡದಲ್ಲಿ ಕರೆದಿದ್ದೇನೆ. ಪಾವಗಡದ ನಿಲ್ದಾಣದಲ್ಲಿ ಅದನ್ನೇ ತೆಲುಗಿನಲ್ಲಿ ಕೂಗಿದ್ದೇನೆ. ಶಿರಾ ಕಡೆಯ ವ್ಯಾಪಾರಿಗಳು ಬಂದರೆ ನನಗೆ ಗೊತ್ತಿದ್ದ ನಾಲ್ಕೇ ನಾಲ್ಕು ಉರ್ದು ಮಾತುಗಳಲ್ಲಿ ಮೂರನ್ನು ಅದಕ್ಕೇ ಬಳಸಿದ್ದೇನೆ. ‘ಇನ್ನೈದು ನಿಮಿಷಕ್ಕೆ ಹೊರಡ್ತೀವಿ’ ಎಂದು ಹೇಳಿ ಕೆಳಗಿಳಿದು, ಎರಡು ಇಡ್ಲಿ ತಿಂದು, ಬಾಯಿ ಒರೆಸಿಕೊಂಡು ಬಂದು ಅದೇ ಮಾತನ್ನು ಮತ್ತೊಮ್ಮೆ ಹೇಳಿದ್ದೇನೆ. ಇವೆಲ್ಲ ಹೊಟ್ಟೆಪಾಡಿನ ಸುಳ್ಳುಗಳು, ದೇವರು ಮನ್ನಿಸುತ್ತಾನೆ ಎಂದು ನಂಬಿದ್ದೇನೆ. ನಾನು ಈಗ ಒಪ್ಪಿಕೊಳ್ಳಬೇಕಾಗಿರುವುದು ಹೊಟ್ಟೆಪಾಡಿಗೆ ಸಂಬಂಧವೇ ಇಲ್ಲದ ಒಂದನ್ನು. ಅದನ್ನು ಸುಳ್ಳು ಎನ್ನುವುದಕ್ಕಿಂತ ಕಳ್ಳತನ ಎನ್ನುವುದೇ ಸರಿ. ಸ್ನೇಹಿತನೊಬ್ಬನ ಕಥೆಯನ್ನು ಕದ್ದು, ನಲವತ್ತು ವರ್ಷ ನನ್ನದೆಂದು ಹೇಳಿಕೊಂಡು ತಿರುಗಿದವನು ನಾನು.

ಕಥೆ ಇಷ್ಟೇ. ಹನ್ನೆರಡು ವರ್ಷದ ಹುಡುಗನೊಬ್ಬ ಜಯಮಂಗಲಿ ನದಿಯ ಆಳವಾದ ಮಡುವಿನಲ್ಲಿ ಗಾಳ ಹಾಕಿ ಕೂತಿದ್ದಾನೆ. ತೊಡೆಗಾತ್ರದ ಕೊರಮೀನೊಂದು ಗಾಳ ನುಂಗಿ ಅವನನ್ನೇ ನೀರಿಗೆ ಎಳೆಯುತ್ತದೆ. ಬಿದಿರಿನ ಕೋಲು ಎರಡು ತುಂಡಾಗುತ್ತದೆ. ಹುಡುಗ ಬಿಡುವುದಿಲ್ಲ, ದಾರವನ್ನು ಮುಂಗೈಗೆ ಸುತ್ತಿಕೊಳ್ಳುತ್ತಾನೆ, ದಾರ ಚರ್ಮ ಕೊಯ್ದು ರಕ್ತ ಬರುತ್ತದೆ, ಎದೆಮಟ್ಟದ ನೀರಿನಲ್ಲಿ ಅವನಿಗೂ ಮೀನಿಗೂ ಜಟಾಪಟಿ ನಡೆಯುತ್ತದೆ, ಕೊನೆಗೆ ಮೀನನ್ನು ಕಂಕುಳಲ್ಲಿ ಅವುಚಿಕೊಂಡು ದಡ ಹತ್ತುತ್ತಾನೆ. ಆ ಹುಡುಗ ನನ್ನ ಸಹಪಾಠಿ ಹನುಮಂತ. ದಡದಲ್ಲಿ ಅವನ ಒಣ ಅಂಗಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಬಾಯಿಬಿಟ್ಟು ನೋಡುತ್ತಿದ್ದವನು ನಾನು.

ನಾನೇಕೆ ದಡದಲ್ಲಿದ್ದೆ ಎಂದರೆ, ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆ. ಮೀನು ತಿನ್ನುವುದಿರಲಿ, ಮೀನು ಎಂಬ ಪದವನ್ನೂ ನಮ್ಮವ್ವ ಪಂಚಾಂಗದಲ್ಲಿ ಮೀನರಾಶಿ ಬಂದಾಗ ಮಾತ್ರ, ಅದೂ ಸ್ವಲ್ಪ ಸಂಕೋಚದಿಂದ, ಉಚ್ಚರಿಸುತ್ತಿದ್ದಳು. ಮೀನು ನಮಗೆ ನಿಷಿದ್ಧವಾಗಿದ್ದುದರಿಂದಲೇ ಇರಬೇಕು, ಅದರ ಬಗ್ಗೆ ನನಗಿದ್ದ ಕುತೂಹಲ ಅದನ್ನು ದಿನವೂ ಉಣ್ಣುವ ಹನುಮಂತನಿಗೂ ಇರಲಿಲ್ಲ.

ಕದ್ದದ್ದು ಹೀಗೆ. ಒಂದು ಮಧ್ಯಾಹ್ನ ಪಾವಗಡದ ಬಸ್ ನಿಲ್ದಾಣದಲ್ಲಿ ಬೇವಿನ ಮರದ ಕೆಳಗೆ ಡ್ರೈವರು, ಕಂಡಕ್ಟರುಗಳೆಲ್ಲ ಕೂತು ಬಾಲ್ಯದ ಸಾಹಸಗಳನ್ನು ಹೇಳಿಕೊಳ್ಳುತ್ತಿದ್ದರು. ಒಬ್ಬ ನಾಗರಹಾವಿನ ಬಾಲ ಹಿಡಿದಿದ್ದ. ಇನ್ನೊಬ್ಬ ಕರಡಿಯನ್ನು ಕಲ್ಲಿನಿಂದ ಹೊಡೆದು ಓಡಿಸಿದ್ದ. ಸರದಿ ನನಗೆ ಬಂತು. ನನ್ನ ಬಾಲ್ಯವನ್ನೆಲ್ಲ ಜಾಲಾಡಿದರೂ ದಾಳಿಂಬೆ ಗಿಡದಿಂದ ಬಿದ್ದದ್ದೊಂದು ಸಿಕ್ಕಿತೇ ವಿನಾ ಮತ್ತೇನೂ ಸಿಗಲಿಲ್ಲ. ದಾಳಿಂಬೆ ಗಿಡದ ಎತ್ತರವಾದರೂ ಎಷ್ಟು! ಬಾಯಿ ತೆರೆದೆ, ಕೊರಮೀನು ಹೊರಬಂತು. ಎಲ್ಲರೂ ‘ಭಲೇ’ ಎಂದರು. ಆ ಭಲೇ ಎಷ್ಟು ರುಚಿಯಾಗಿತ್ತೆಂದರೆ, ಮೀನು ತಿನ್ನುವವರಿಗೆ ಮೀನೂ ಅಷ್ಟು ರುಚಿಸಲಿಕ್ಕಿಲ್ಲ.

ಮೊಮ್ಮಕ್ಕಳಿಗೆ ಹೇಳುವ ಹೊತ್ತಿಗೆ ಕಥೆ ಪಳಗಿತ್ತು. ಶಿರಾದಲ್ಲಿರುವ ಮಗಳ ಮಕ್ಕಳು ಇವರು: ಸಿರಿಗೆ ಹನ್ನೊಂದು, ಗಗನನಿಗೆ ಏಳು. ರಜೆಗೆ ಬಂದಾಗಲೆಲ್ಲ ಕಡಲೆಕಾಯಿಯ ಸುತ್ತ ಕೂತು ‘ತಾತ, ಮೀನು’ ಎನ್ನುತ್ತಿದ್ದರು. ಆ ಮೀನಿಗೆಂದು ಹನುಮಂತ ಗಾಳಕ್ಕೆ ಕಟ್ಟಿದ್ದು ಕಪ್ಪೆಮರಿಯನ್ನು. ನಮ್ಮ ಪಡಸಾಲೆಯಲ್ಲಿ, ದೇವರ ಕೋಣೆಗೆ ಆರು ಅಡಿ ದೂರದಲ್ಲಿ ಕೂತು, ಕಪ್ಪೆಯನ್ನು ಗಾಳಕ್ಕೆ ಚುಚ್ಚಿದೆ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಅದಕ್ಕೇ ಕಪ್ಪೆಯನ್ನು ಬಿಟ್ಟು ರಾಗಿಮುದ್ದೆ ಕಟ್ಟಿದೆ. ಹೀಗೆ ನನ್ನ ಕೈಯಲ್ಲಿ ಕೊರಮೀನು ಸಸ್ಯಾಹಾರಿಯಾಯಿತು. ಗಾಯದ ಗುರುತು ಎಲ್ಲಿ ಎಂದು ಗಗನ ಕೇಳಿದ. ನನ್ನ ತೋಳಿನ ಮೇಲೆ ಸಿಡುಬಿನ ಚುಚ್ಚುಮದ್ದಿನ ದುಂಡನೆಯ ಕಲೆಯೊಂದಿದೆಯಲ್ಲ, ನಮ್ಮ ವಯಸ್ಸಿನ ಎಲ್ಲರಿಗೂ ಇರುವಂಥದ್ದು, ಅದನ್ನೇ ತೋರಿಸಿದೆ. ಮಗು ಅದನ್ನು ಭಕ್ತಿಯಿಂದ ಮುಟ್ಟಿ ನೋಡಿತು. ಈಗ ನೆನೆದರೆ ಮೈ ಕುಗ್ಗುತ್ತದೆ.

ಈ ಸಲ ಮಳೆ ಚೆನ್ನಾಗಿ ಬಂತು. ನಮ್ಮ ಸೀಮೆಯಲ್ಲಿ ನದಿ ಹರಿಯುತ್ತದೆ ಎನ್ನುವುದಿಲ್ಲ, ಹೊಳೆ ಬಂದಿದೆ ಎನ್ನುತ್ತೇವೆ. ಇಲ್ಲಿ ಹೊಳೆ ಎಂದರೆ ಅಪರೂಪಕ್ಕೆ ಬರುವ ನೆಂಟರು. ಬಂದ ಸುದ್ದಿ ಸಿಕ್ಕಿದರೆ ಜನ ಒಗೆದ ಬಟ್ಟೆ ಉಟ್ಟು ಹೋಗಿ ನೋಡಿ, ಹೂವು ಅರಿಶಿನ ಕುಂಕುಮ ಕೊಟ್ಟು ಬರುತ್ತಾರೆ. ಜಯಮಂಗಲಿ ಹಾಗೆ ಬಂದು, ಹೋಗಲು ಮನಸ್ಸಿಲ್ಲದೆ ದಸರಾವರೆಗೂ ಉಳಿದುಕೊಂಡಳು. ಆಗಲೇ ಒಂದು ಸಂಜೆ, ರಜೆಗೆ ಬಂದಿದ್ದ ಸಿರಿ ತನ್ನಮ್ಮನ ಮೊಬೈಲು ಹಿಡಿದುಕೊಂಡು ಓಡಿಬಂದಳು. ಅದರಲ್ಲಿ ಯಾರೋ ಕಳಿಸಿದ ಬಣ್ಣದ ಜಾಹೀರಾತು: ‘ಹೊಳೆಯಲ್ಲಿ ಮೀನು ಹಿಡಿಯುವುದನ್ನು ಕಲಿಸಲಾಗುವುದು. ಮಕ್ಕಳಿಗೂ ಅವಕಾಶ. ಬಿದಿರು ಕೋಲು, ಗಾಳ, ಟೀ ನಮ್ಮದೇ. ಗೈಡ್: ಹನುಮಂತಣ್ಣ, ಅರವತ್ತು ವರ್ಷಗಳ ಅನುಭವ.’ ಪಕ್ಕದಲ್ಲಿ ಫೋಟೊ. ಮೀಸೆ ಬೆಳ್ಳಗಾಗಿತ್ತು, ನಗು ಏಳನೇ ಕ್ಲಾಸಿನದೇ.

“ತಾತ, ಭಾನುವಾರ ಹೋಗೋಣ. ಗೈಡ್ ಇದ್ದರೂ ನೀನೇ ತೋರಿಸಿಕೊಡಬೇಕು, ಆಯ್ತಾ?” ಎಂದಳು ಸಿರಿ.

ಮೊಣಕಾಲು ನೋವೆಂದೆ, ಬಿಸಿಲೆಂದೆ, ಅಂದು ಅಮಾವಾಸ್ಯೆ ಎಂದೆ. ಹುಡುಗಿ ಕ್ಯಾಲೆಂಡರ್ ನೋಡಿ ಬಂದು ಅದು ಪಂಚಮಿ ಎಂದಳು. ನನ್ನ ಹೆಂಡತಿ ಗಿರಿಜೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ಹೋಗ್ಬನ್ರಿ. ಜಿರಳೆ ಕಂಡ್ರೆ ಮಂಚ ಹತ್ತೋರು ಮೀನ್ ಹೆಂಗೆ ಹಿಡಿದ್ರಿ ಅಂತ ನಂಗೂ ಲಗ್ನ ಆದಾಗಿಂದ ಯೋಚ್ನೆ ಐತೆ” ಎಂದಳು. ಮಕ್ಕಳು ನಕ್ಕರು, ಅವರಿಗದು ಅಜ್ಜಿಯ ಹಾಸ್ಯ. ಹನುಮಂತನಿಗೆ ಮೊದಲೇ ಫೋನು ಮಾಡಿ ‘ಮಾನ ಉಳಿಸಪ್ಪ’ ಎಂದು ಬೇಡಿಕೊಳ್ಳಬಹುದಿತ್ತು. ಮಾಡಿದೆ ಕೂಡ. ಅವನ ಸೊಸೆ ಎತ್ತಿಕೊಂಡು “ಎಷ್ಟು ಜನ ಸಾರ್ ಬರ್ತೀರ?” ಎಂದು ಕೇಳಿದಳು. “ಮೂರು ಜನ” ಎಂದು ಹೇಳಿ ಇಟ್ಟುಬಿಟ್ಟೆ.

ಭಾನುವಾರ ಬೆಳಿಗ್ಗೆ ಕೊರಟಗೆರೆ ದಾಟಿ ಬಸ್ಸಿಳಿದಾಗ ಹನುಮಂತ ರಸ್ತೆಗೇ ಬಂದು ಕಾಯುತ್ತಿದ್ದ. ಎಷ್ಟೋ ವರ್ಷಗಳಿಂದ ಬಸ್ಸಿನ ಕಿಟಕಿಯಿಂದ ಕೈ ಬೀಸಿದ್ದಷ್ಟೇ ನಮ್ಮ ಒಡನಾಟ. ನನ್ನನ್ನು ಕಂಡವನೇ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ನಗುತ್ತ, “ಲೇ ರುದ್ರ, ನೀನಾ ಆ ಮೂರು ಜನ! ನಿಮ್ಮವ್ವ ಬದುಕಿದ್ದಿದ್ರೆ ನನ್ನ ಬೆನ್ನು ಮುರಿಯೋಳು ಕಣ್ಲಾ” ಎಂದ.

“ನಮ್ಮ ತಾತ ನಿಮ್ಮ ಫ್ರೆಂಡಾ?” ಎಂದು ಗಗನ ಬಾಯಿಬಿಟ್ಟ.

“ಒಂದೇ ಬೆಂಚು ಕಣಪ್ಪ. ನಿಮ್ ತಾತ ಲೆಕ್ಕ ತೋರಿಸೋನು, ನಾನು ಹುಣಸೆಹಣ್ಣು ಕೊಡೋನು.”

ಅಲ್ಲಿಂದ ನನ್ನ ಉಪಾಯ ಒಂದೇ: ಹನುಮಂತನಿಗೆ ಮಾತಾಡಲು ಜಾಗ ಕೊಡದಿರುವುದು. ದಾರಿಯುದ್ದಕ್ಕೂ ಹೊಂಗೆಮರ, ಹೊಸ ರಸ್ತೆ, ಸಿದ್ದರಬೆಟ್ಟ, ಕೀಲುನೋವಿನ ಎಣ್ಣೆ, ಸಿಕ್ಕಿದ್ದನ್ನೆಲ್ಲ ವರ್ಣಿಸಿದೆ. ಹೊಳೆಯ ದಂಡೆಯಲ್ಲಿ ಅವನು ಕೆಲಸ ಶುರುಮಾಡಿದ ಮೇಲೆ ಮಾತ್ರ ನನ್ನ ಬಾಯಿ ತಾನಾಗಿ ನಿಂತಿತು. ಮೊದಲು ಕಡಲೆಕಾಯಿ ಹಿಂಡಿಯನ್ನು ನೆನೆಸಿ ಮಾಡಿದ ಉಂಡೆಗಳನ್ನು ನಿಧಾನವಾಗಿ ನೀರಿಗೆ ಬಿಟ್ಟ; ಮೀನಿಗೆ ಊಟದ ಕರೆ ಅದು. ಆಮೇಲೆ ಮಕ್ಕಳ ನೆರಳು ನೀರಿಗೆ ಬೀಳದ ಹಾಗೆ ಅವರನ್ನು ಕೂರಿಸಿದ. “ಮೊದಲನೇದು ಯಾರಿಗೆ ಬಿದ್ರೂ ಹೊಳೆಗೇ ವಾಪಸ್ಸು. ನಮ್ಮಪ್ಪನ ಕಾಲದಿಂದ ಹಿಂಗೇ” ಎಂದ. ಎರೆಹುಳುವಿನ ಡಬ್ಬಿ ತೆರೆದಾಗ ನಾನು ಬೆಟ್ಟದ ಸೌಂದರ್ಯವನ್ನು ನೋಡಲು ಆ ಕಡೆ ತಿರುಗಿದೆ. ಸಿರಿ, ಶಿವಭಕ್ತೆಯಾದ ನಮ್ಮವ್ವನ ಮೊಮ್ಮಗಳ ಮಗಳು, ಒಂದು ಹುಳುವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ಅದರ ಯೋಗಕ್ಷೇಮ ವಿಚಾರಿಸುತ್ತಿದ್ದಳು.

“ಇದೇನು ಹನುಮಂತ ತಾತ, ಕೈಯಲ್ಲಿ?” ಎಂದಳು. ಗಾಳ ಕಟ್ಟುತ್ತಿದ್ದ ಅವನ ಮುಂಗೈಯ ಸುತ್ತ ಬಳೆಯಂತೆ ಒಂದು ಬಿಳಿಯ ಗೆರೆ ಇತ್ತು.

“ಅದಾ? ದೊಡ್ಡ ಕತೆ ಕಣವ್ವ. ಟೀ ಕುಡಿವಾಗ ಹೇಳ್ತೀನಿ.”

ನಾನು ತಟ್ಟನೆ “ಕೊಡು ಇಲ್ಲಿ ಕೋಲು!” ಎಂದೆ. ಕಥೆಯನ್ನು ಮರೆಸಲು ನನಗೆ ಹೊಳೆದ ದಾರಿ ಅದೊಂದೇ. ಮಕ್ಕಳು ಚಪ್ಪಾಳೆ ತಟ್ಟಿದರು. ಕೋಲನ್ನು ಹಿಂದಕ್ಕೊಯ್ದು, ಬಲವನ್ನೆಲ್ಲ ಸೇರಿಸಿ ಮುಂದಕ್ಕೆ ಬೀಸಿದೆ. ಗಾಳ ಮುಂದಕ್ಕೆ ಬರಲಿಲ್ಲ. ಇನ್ನಷ್ಟು ಎಳೆದೆ. ಹಿಂದುಗಡೆ ಏನೋ ಪರ್ರನೆ ಹರಿದ ಸದ್ದು, ತಂಪು ಗಾಳಿ.

“ಬುಡ್ಬೇಡ ಹಿಡ್ಕ!” ಎಂದು ಹನುಮಂತ ಕೂಗಿದ. “ಭಾರಿದೇ ಬಿದ್ದೈತೆ. ಪಂಚೆಯೊಳ್ಗೇ ಐತೆ!”

ಗಾಳವನ್ನು ಪಂಚೆಯಿಂದ ಬಿಡಿಸಲು ಹನುಮಂತನಿಗೆ ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಗಗನನಿಗೆ ಅಂಗೈಯಗಲದ ಜಿಲೇಬಿ ಮೀನೊಂದು ಸಿಕ್ಕಿತು. ತಿನ್ನುವ ಜಿಲೇಬಿಯ ಹೆಸರನ್ನು ಈ ಬೂದುಬಣ್ಣದ ಜೀವಕ್ಕೆ ಯಾರು ಇಟ್ಟರೋ! ಹುಡುಗ ಅದನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟು, ಅದು ಹೋದ ದಿಕ್ಕಿಗೆ ಟಾಟಾ ಮಾಡಿದ. ಎಲ್ಲ ಚೆನ್ನಾಗಿಯೇ ನಡೆದಿತ್ತು. ಆಗ ಟೀ ಬಂತು.

“ಈಗ ಹೇಳಿ” ಎಂದಳು ಸಿರಿ.

ಹನುಮಂತ ಲೋಟ ಕೆಳಗಿಟ್ಟ. “ಆಗ ನಂಗೂ ನಿನ್ನಷ್ಟೇ ವಯಸ್ಸು. ಅಗೋ ಆ ಬಂಡೆ ಕೆಳಗೆ ಮಡ ಇತ್ತು. ಗಾಳಕ್ಕೆ ಒಂದು ಕಪ್ಪೆಮರಿ ಕಟ್ಟಿ ಬುಟ್ಟೆ. ತೊಡೆ ಗಾತ್ರದ ಕೊರಮೀನು...”

“ರಾಗಿಮುದ್ದೆ!” ಎಂದು ಗಗನ ತಿದ್ದಿದ.

“ಯಾರಿಗಪ್ಪ ಮುದ್ದೆ?”

“ಮೀನಿಗೆ.”

“ಕೊರಮೀನು ಮುದ್ದೆ ತಿಂತದಾ? ಅದು ಅಪ್ಪಟ ಮಾಂಸದ ಜಾತಿ ಕಣಪ್ಪ.”

“ನಮ್ಮ ತಾತ ಹಿಡಿದಿದ್ದು ತಿಂತು” ಎಂದ ಗಗನ, ಹೆಮ್ಮೆಯಿಂದ. ಸಿರಿಯ ಹುಬ್ಬು ಗಂಟಿಕ್ಕಿತ್ತು. “ಆಮೇಲೆ ಕೋಲು ಎರಡು ತುಂಡಾಯ್ತಾ?” ಎಂದು ಕೇಳಿದಳು.

“ಹೂಂ ಕಣವ್ವ! ನಿಂಗೆಂಗೆ ಗೊತ್ತು?”

“ದಾರ ಕೈಗೆ ಸುತ್ತಿಕೊಂಡಿದ್ದು, ಕಂಕುಳಲ್ಲಿ ಹಿಡಕೊಂಡು ಬಂದಿದ್ದು. ಅದು ನಮ್ಮ ತಾತನ ಕಥೆ!”

ಹನುಮಂತ ನನ್ನ ಕಡೆ ತಿರುಗಿದ. ನಾನು ಲೋಟದೊಳಗೆ ಇಣುಕಿದೆ. ಟೀಪುಡಿಯ ಗಷ್ಟು ಕಾಣಿಸಿತು. ಅವನು ನನ್ನನ್ನು ನೋಡಿದ್ದು ಎಷ್ಟು ಹೊತ್ತೋ ಕಾಣೆ, ನನಗಂತೂ ಪಾವಗಡದಿಂದ ತುಮಕೂರಿಗೆ ನಿಂತೇ ಹೋದಷ್ಟು ದೂರ ಅನ್ನಿಸಿತು. ಆಮೇಲೆ ಅವನು ಮಕ್ಕಳಿಗೆ ಹೇಳಿದ:

“ಹೌದಲ್ವಾ! ನಿಮ್ ತಾತಂದೇ ಅದು. ನಾನು ದಡದಾಗೆ ನಿಂತ್ಕಂಡು ನೋಡ್ತಿದ್ದೆ. ವಯಸ್ಸಾಯ್ತಲ್ಲ ಕಣವ್ವ, ನೋಡಿದ್ದು ಯಾವ್ದು ಮಾಡಿದ್ದು ಯಾವ್ದು ಎಲ್ಲಾ ಕಲಸ್ಕಂಡ್ಬುಟ್ಟವೆ.”

“ಮತ್ತೆ ಕೈ?”

“ಬೇಲಿ ತಂತಿ ತಾಗಿದ್ದು.”

ಮಿತ್ರರೇ, ಇಲ್ಲಿ ನಾನು ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಬಿಡದಿದ್ದದ್ದು ಮಾತ್ರವಲ್ಲ, ಬದುಕಿದೆ ಎಂದು ಒಳಗೊಳಗೇ ಹಿಗ್ಗಿದೆ. ನನ್ನ ಜೀವಮಾನದ ಸಣ್ಣತನಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಅರ್ಧ ನಿಮಿಷವೇ ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ. ತನ್ನ ಬದುಕಿನ ಒಂದೇ ಒಂದು ಮಹಾಸಾಹಸವನ್ನು ಈ ಮನುಷ್ಯ ನನ್ನ ಹರಿದ ಪಂಚೆಯ ಮೇಲೆ ಹೊದಿಸಿ ಮಾನ ಕಾಯುತ್ತಿದ್ದಾನೆ. ನಾನು ಬೆಚ್ಚಗೆ ಕೂತಿದ್ದೇನೆ.

ಆಗ ಗಗನ ಎದ್ದು ಹನುಮಂತನ ಎದುರು ನಿಂತ. ಬೆರಳು ತೋರಿಸಿ, ಸಣ್ಣ ಮೇಷ್ಟರ ಹಾಗೆ, “ಹನುಮಂತ ತಾತ, ಬೇರೆಯವರದ್ದನ್ನ ನಮ್ಮದು ಅಂತ ಹೇಳಬಾರದು. ಅದು ತಪ್ಪು. ನಮ್ಮ ತಾತನೇ ಹೇಳಿಕೊಟ್ಟಿದ್ದು” ಎಂದ.

“ತಪ್ಪಾಯ್ತು ಮಗಾ” ಎಂದು ಹನುಮಂತ ಎರಡೂ ಕಿವಿ ಹಿಡಿದುಕೊಂಡ. ಕಣ್ಣಲ್ಲಿ ನಗುವಿತ್ತು. ಮೇಲೆತ್ತಿದ ಮುಂಗೈಯಲ್ಲಿ ಆ ಬಿಳಿಯ ಗೆರೆ ಬಿಸಿಲಿಗೆ ಸ್ಪಷ್ಟವಾಗಿ ಕಂಡಿತು.

ಕಿವಿ ಹಿಡಿದುಕೊಂಡ ಆ ಕೈಗಳನ್ನು ನೋಡಲು ನನ್ನಿಂದಾಗಲಿಲ್ಲ. “ಬಿಡೋ ಕಿವಿ, ಬಿಡು” ಎಂದೆ. “ಮಕ್ಕಳೇ, ಕಥೆ ಅವನದು. ಮೀನು ಹಿಡಿದವನು ಅವನು. ನಾನು ಜನ್ಮದಲ್ಲಿ ಮೀನು ಮುಟ್ಟಿಲ್ಲ. ಕಳ್ಳ ನಾನು.”

ಮೊದಲು ಚೇತರಿಸಿಕೊಂಡವಳು ಸಿರಿ. ನನ್ನ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ದುಂಡನೆಯ ಕಲೆಯನ್ನು ನೋಡಿದಳು. “ಹಾಗಾದ್ರೆ ಇದು?”

“ಸಿಡುಬಿನ ಚುಚ್ಚುಮದ್ದು.”

“ಅಜ್ಜಿಗೂ ಇದೆ! ಅಜ್ಜಿನೂ ಮೀನು ಹಿಡಿದಿದ್ದಾರೆ, ಹೇಳೋಕೆ ನಾಚಿಕೆ ಅಂತ ನಾನು ಅಂದುಕೊಂಡಿದ್ದೆ.”

ಹನುಮಂತ ಗೊಳ್ಳನೆ ನಕ್ಕ. ಹುಡುಗಿ ನಗಲಿಲ್ಲ. “ಆವತ್ತು ನೀನೇನು ಮಾಡ್ತಿದ್ದೆ?”

“ಅವನ ಅಂಗಿ ಹಿಡಿದುಕೊಂಡು ನಿಂತಿದ್ದೆ.”

“ಅಷ್ಟೇನಾ?” ಎಂದ ಗಗನ. ಆ ಮೂರಕ್ಷರದ ಮಾತಿನಲ್ಲಿ ನನ್ನ ಇಡೀ ಬಾಲ್ಯ ಮುಳುಗಿಹೋಯಿತು. “ಅಷ್ಟೇ ಕಣಪ್ಪ” ಎಂದೆ. ಅವನು ನನ್ನ ಪಕ್ಕದಲ್ಲಿಟ್ಟಿದ್ದ ತನ್ನ ಟೋಪಿಯನ್ನು ಎತ್ತಿಕೊಂಡು ಹೋಗಿ ಹನುಮಂತನ ಮಗ್ಗುಲಲ್ಲಿ ಕೂತ. ಸಿರಿಯೂ ಹೋದಳು. ನಾವು ಕೂತಿದ್ದ ಚಾಪೆಯ ಮೇಲೆ ಈ ಕಡೆ ನಾನೊಬ್ಬನೇ ಉಳಿದೆ. ಕಂಡಕ್ಟರಾಗಿದ್ದಾಗ ಎಷ್ಟೋ ಬಾರಿ ‘ಹಿಂದೆ ಖಾಲಿ’ ಎಂದು ಕೂಗಿದ್ದೆ. ಖಾಲಿ ಎಂದರೆ ಹೇಗಿರುತ್ತದೆ ಎಂದು ತಿಳಿದದ್ದು ಆಗಲೇ. ಮಕ್ಕಳ ಮನಸ್ಸಿನಲ್ಲಿ ನಾನು ಕಟ್ಟಿಸಿಕೊಂಡಿದ್ದ ಮಂಟಪವನ್ನು ನಾನೇ ಕೆಡವಿದ್ದೆ. ಅದರ ಕಂಬಗಳೆಲ್ಲ ಪರರವೆಂಬುದು ನಿಜ. ಆದರೂ ನೆರಳು ತಂಪಾಗಿಯೇ ಇತ್ತಲ್ಲ ಎಂದು ಮುದಿಮನಸ್ಸು ಹಂಬಲಿಸಿತು.

“ಮೊದಲಿಂದ ಹೇಳಿ ಹನುಮಂತ ತಾತ. ನಿಜವಾದ್ದು” ಎಂದಳು ಸಿರಿ.

ಅವನು ಹೇಳಿದ. ನಲವತ್ತು ವರ್ಷ ನಾನು ಹೇಳಿದ್ದ ಕಥೆಯನ್ನು ಅದರ ಒಡೆಯನ ಬಾಯಲ್ಲಿ ಕೇಳಿದಾಗಲೇ ನಾನು ಎಷ್ಟು ಬಡಕಲಾಗಿ ಹೇಳುತ್ತಿದ್ದೆ ಎಂದು ಗೊತ್ತಾದದ್ದು. ಕೆಸರಿನ ವಾಸನೆಯಿತ್ತು ಅದರಲ್ಲಿ. ಮೀನಿನ ಮೈ ಸೋಪಿನ ಹಾಗೆ ಜಾರುತ್ತಿತ್ತು. ಅಪ್ಪನ ಕೋಲು ಮುರಿಯಿತಲ್ಲ ಎಂದು ಹುಡುಗ ಮೀನಿಗಿಂತ ಅಪ್ಪನಿಗೇ ಹೆಚ್ಚು ಹೆದರಿದ್ದ. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ.

“ದಾರ ಕೈಗೆ ಸುತ್ಕಂಡಿದೀನಿ. ನೀರು ಎದೆಗೆ ಬಂದೈತೆ. ಆ ನನ್ಮಗಂದು ಮಡದ ಒಳಕ್ಕೆ ಎಳೀತೈತೆ. ಬುಟ್ಬುಡಾನ ಅಂದ್ರೆ ದಾರ ಬಿಚ್ಚಕಾಗ್ತಿಲ್ಲ. ಹೋದೆ ಅಂದ್ಕಂಡೆ. ಆಗ ಹಿಂದಿಂದ ಯಾರೋ ನನ್ನ ಉಡಿದಾರ ಹಿಡ್ಕಂಡ್ರು ನೋಡು! ತಿರುಗಿ ನೋಡಿದ್ರೆ ಇವ್ನು. ಈಜು ಬರಾಕಿಲ್ಲ, ಮೀನು ಮುಟ್ಟಂಗಿಲ್ಲ, ಕಣ್ಣು ಗಟ್ಟಿಯಾಗಿ ಮುಚ್ಕಂಡವ್ನೆ, ‘ಅವ್ವ ಅವ್ವ’ ಅಂತ ಕಿರುಚ್ತಾವ್ನೆ. ಆದ್ರೂ ಬುಡ್ಲಿಲ್ಲ. ದಡದವರೆಗೂ ಎಳ್ಕಂಡೇ ಬಂದ.”

ಎರಡು ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗಿದವು.

“ನಿಜನಾ ತಾತ?” ಎಂದ ಗಗನ.

ನನಗೆ ಏನೂ ನೆನಪಿರಲಿಲ್ಲ. ಎಷ್ಟು ಹುಡುಕಿದರೂ ಸಿಕ್ಕಿದ್ದು ಕೈಯಲ್ಲಿದ್ದ ಒಣ ಅಂಗಿ ಮಾತ್ರ. ಆದರೆ ಆ ದಿನ ಸಂಜೆ ಅವ್ವ ನನ್ನನ್ನು ಬಾಸುಂಡೆ ಬರುವ ಹಾಗೆ ಬಾರಿಸಿದ್ದು ಚೆನ್ನಾಗಿ ನೆನಪಿದೆ. ಹೊಳೆಗೆ ಹೋದದ್ದಕ್ಕೇ ಬಾರಿಸಿದಳೋ, ಒದ್ದೆಯಾಗಿ ಬಂದದ್ದಕ್ಕೋ? ಹೌದೆಂದರೆ ಮತ್ತೊಂದು ಸುಳ್ಳಾದೀತು. ಇಲ್ಲವೆಂದರೆ ಸ್ನೇಹಿತನನ್ನು ಸುಳ್ಳನನ್ನಾಗಿ ಮಾಡಿದಂತಾದೀತು. “ನನಗೆ ನೆನಪಿಲ್ಲ ಕಣಪ್ಪ” ಎಂದೆ. ಆ ಕಥೆಯ ಬಗ್ಗೆ ನನ್ನ ಬಾಯಿಂದ ಬಂದ ಎರಡನೆಯ ನಿಜ ಅದು.

ಗಗನ ಕೂತಲ್ಲಿಂದಲೇ ಸರಿಯುತ್ತ ಸರಿಯುತ್ತ ಚಾಪೆಯ ನಡುವಿಗೆ ಬಂದ. ನಮ್ಮಿಬ್ಬರಿಗೂ ಸಮದೂರದಲ್ಲಿ ಕೂತ.

ಮಧ್ಯಾಹ್ನ ಬಸ್ಸಿಗೆಂದು ಹೊರಟಾಗ ಮಕ್ಕಳು ಮುಂದೆ ಓಡಿದರು. ಸಿರಿ ಮೀನಾಗಿದ್ದಳು, ಗಗನ ಅವಳನ್ನು ಹಿಂದಿನಿಂದ ಹಿಡಿದು ‘ಅವ್ವ ಅವ್ವ’ ಎಂದು ಕಿರುಚುತ್ತ ಎಳೆಯುತ್ತಿದ್ದ. ಹನುಮಂತ ತನ್ನ ಟವೆಲ್ಲನ್ನು ಬಿಚ್ಚಿ ನನ್ನ ಹರಿದ ಪಂಚೆಯ ಸುತ್ತ ಕಟ್ಟಿಕೊಳ್ಳಲು ಕೊಟ್ಟ. ಅದನ್ನು ಕಟ್ಟಿಕೊಳ್ಳುತ್ತ, ಮಕ್ಕಳಿಗೆ ಕೇಳಿಸದ ಹಾಗೆ, “ಲೇ ಹನುಮ, ನಾನು ನೀರಿಗೆ ಇಳಿದಿದ್ದು ನಿಜವೇನೋ?” ಎಂದೆ.

ಅವನು ನಿಂತ. “ಕತೆ ಯಾರ್ದು ಅಂದೆ?”

“ನಿಂದು.”

“ಹಂಗಾದ್ರೆ ನಾನ್ ಹೇಳ್ದಂಗೆ ಕಣ್ಲಾ. ಬಾಯ್ಮುಚ್ಕಂಡು ಬಸ್ ಹತ್ತು.”